ಕತ್ತೆ ಕತೆಯಾಗದ ಹಾಗೆ ಕತ್ತರಿಸುವುದು: ಸ್ಕ್ರೀನ್ ರೀಡರ್ ಜೊತೆ ಆಡಿಯೊ ಕೆಲಸ

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮುಂಚೆ ಎರಡು ಚಿಕ್ಕ ತುಣುಕು ಕೇಳಿಸುತ್ತೇನೆ. ಪರದೆ ಕಡೆ ನೋಡಬೇಡಿ, ಅಲ್ಲಿ ಏನೂ ಇಲ್ಲ. ಸುಮ್ನೆ ಕೇಳಿ.

(ಇಲ್ಲಿ ಎರಡು ಧ್ವನಿ ತುಣುಕುಗಳನ್ನು ಕೇಳಿಸಲಾಯಿತು.)

ಮೊದಲನೆಯದರಲ್ಲಿ "ಬೆಟ್ಟದಿಂದ ಕತ್ತೆ ಇಳಿದು ಬಂತು" ಅಂತ ಕೇಳಿಸಿತು. ಎರಡನೆಯದರಲ್ಲಿ "ಬೆಟ್ಟದಿಂದ ಕತೆ ಇಳಿದು ಬಂತು". ನಾನು ಓದಿದ್ದು ಮಾತ್ರ ಒಂದೇ ಸಲ. "ಕತ್ತೆ" ಅನ್ನುವಾಗ ನಾಲಿಗೆ ಹಲ್ಲಿಗೆ ಒತ್ತಿಕೊಂಡು ಒಂದು ಗಳಿಗೆ ಉಸಿರನ್ನು ತಡೆಯುತ್ತದೆ. ಆಗ ಸದ್ದೇ ಇರುವುದಿಲ್ಲ. ಆ ಮೌನದಿಂದ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಕತ್ತರಿಸಿದೆ, ಅಷ್ಟೇ. ಕತ್ತೆ ಹೋಗಿ ಕತೆ ಉಳಿಯಿತು.

ನನಗೆ ಕಣ್ಣು ಕಾಣಿಸುವುದಿಲ್ಲ. ಧ್ವನಿ ಪುಸ್ತಕ, ಸಂದರ್ಶನ, ಪಾಡ್‌ಕಾಸ್ಟ್, ಇವುಗಳ ಆಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. "ಅಲೆಯ ಚಿತ್ರ ಕಾಣದೆ ಹೇಗೆ ಕತ್ತರಿಸುತ್ತೀರಿ?" ಅಂತ ಎಲ್ಲರೂ ಕೇಳುತ್ತಾರೆ. ಅದಕ್ಕೇ ಕತ್ತೆಯನ್ನು ಕರೆದುಕೊಂಡು ಬಂದೆ. ಎಡಿಟಿಂಗ್ ಸಾಫ್ಟ್‌ವೇರ್ ಧ್ವನಿಯನ್ನು ಅಲೆಯಾಗಿ ಬರೆದು ತೋರಿಸುತ್ತದೆ. ಜೋರು ಸದ್ದು ಇದ್ದಲ್ಲಿ ಅಲೆ ದಪ್ಪ, ಮೌನ ಇದ್ದಲ್ಲಿ ಬರೀ ಒಂದು ಗೆರೆ. ಆದರೆ ಕತ್ತೆಯ ಒತ್ತಕ್ಷರದ ಮೌನವೂ ಗೆರೆಯೇ, ಮಾತು ತಡವರಿಸಿ ನಿಂತದ್ದೂ ಗೆರೆಯೇ, ದುಃಖ ಉಕ್ಕಿ ಮಾತು ಹೊರಡದೆ ಹೋದದ್ದೂ ಗೆರೆಯೇ. ಮೌನ ಎಲ್ಲಿದೆ ಅಂತ ಕಣ್ಣು ಹೇಳಬಹುದು. ಅದು ಎಂಥ ಮೌನ ಅಂತ ಹೇಳುವುದು ಕಿವಿ. ಕಣ್ಣು ಕಾಣುವ ಎಡಿಟರ್‌ಗಳೂ ಕೊನೆಗೆ ಕೇಳಿಸಿಕೊಂಡೇ ತೀರ್ಮಾನ ಮಾಡುತ್ತಾರೆ ಅಲ್ವಾ?

ಹಾಗಾಗಿ ಕಿವಿಯ ವಿಷಯದಲ್ಲಿ ನಮಗೆ ಕೊರತೆ ಇಲ್ಲ. ನಮಗೆ ಬೇಕಿರುವುದು ಕೀಲಿ ಒತ್ತಿದರೆ ಮಾತು ಕೇಳುವ, ಪ್ರಶ್ನೆ ಕೇಳಿದರೆ ಉತ್ತರ ಕೊಡುವ ಸಾಫ್ಟ್‌ವೇರ್. ನಾನೀಗ ಎಲ್ಲಿದ್ದೇನೆ? ಎಷ್ಟು ಉದ್ದ ಆರಿಸಿದ್ದೇನೆ? ಸದ್ದು ಮಿತಿ ಮೀರಿತೇ? ಇಷ್ಟಕ್ಕೆ ಉತ್ತರ ಸಿಕ್ಕರೆ ಕೆಲಸ ನಡೆಯುತ್ತದೆ.

ಸ್ಕ್ರೀನ್ ರೀಡರ್ ಪರಿಚಯ ಇಲ್ಲದವರಿಗೆ ಒಂದು ಮಾತು. ಪರದೆಯ ಮೇಲಿರುವುದನ್ನು ಅದು ಓದಿ ಹೇಳುತ್ತದೆ, ಅಥವಾ ಬ್ರೈಲ್ ಸಾಧನಕ್ಕೆ ಕಳಿಸುತ್ತದೆ. ವಿಂಡೋಸ್‌ನಲ್ಲಿ ಜಾಸ್ ಮತ್ತು ಎನ್‌ವಿಡಿಎ, ಆಪಲ್ ಸಾಧನಗಳಲ್ಲಿ ವಾಯ್ಸ್‌ಓವರ್, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್. ನಾನು ಬಳಸುವುದು ಎನ್‌ವಿಡಿಎ. ಅದು ಉಚಿತ. 2006ರಲ್ಲಿ ಮೈಕೆಲ್ ಕರನ್ ಶುರು ಮಾಡಿದರು, ಆಮೇಲೆ ಜೇಮ್ಸ್ ಟೆಹ್ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ಟೆಹ್ ಅವರ ಹೆಸರು ಮುಂದೆ ಇನ್ನೊಮ್ಮೆ ಬರುತ್ತದೆ.

ಈಗ ಕತ್ತರಿ ಕೈಗೆ ತೆಗೆದುಕೊಳ್ಳೋಣ. ಆಡಾಸಿಟಿ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್‌ನಿಂದ ಶುರು ಮಾಡುತ್ತೇನೆ. 1999ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ ಆರಂಭಿಸಿದ ಇದು ಇವತ್ತಿಗೂ ಉಚಿತ. ಹಾಕಿಕೊಂಡ ಕೂಡಲೇ ಪ್ರಿಫರೆನ್ಸಸ್‌ನ ಕೀಬೋರ್ಡ್ ಭಾಗಕ್ಕೆ ಹೋಗಿ ಡಿಫಾಲ್ಟ್ಸ್‌ನಲ್ಲಿ ಫುಲ್ ಅನ್ನುವುದನ್ನು ಆರಿಸಿ. ಇಲ್ಲದಿದ್ದರೆ ನಮಗೆ ಬೇಕಾದ ಎಷ್ಟೋ ಶಾರ್ಟ್‌ಕಟ್ ಸಿಗುವುದೇ ಇಲ್ಲ.

ಒಬ್ಬರು "ಅವತ್ತು ಮಳೆ... ಅವತ್ತು ಮಳೆ ಬಂದಿರಲಿಲ್ಲ" ಅಂತ ಓದಿದ್ದಾರೆ ಅಂದುಕೊಳ್ಳಿ. ಮೊದಲ "ಅವತ್ತು ಮಳೆ" ಹೋಗಬೇಕು. ಸ್ಪೇಸ್ ಬಾರ್ ಒತ್ತಿದರೆ ಧ್ವನಿ ಹೊರಡುತ್ತದೆ. ತಪ್ಪು ಶುರುವಾಗುವ ಹೊತ್ತಿಗೆ ಎಡ ಚೌಕ ಆವರಣದ ಕೀಲಿ, ಮುಗಿಯುವ ಹೊತ್ತಿಗೆ ಬಲ ಚೌಕ ಆವರಣದ ಕೀಲಿ. ಧ್ವನಿ ಓಡುತ್ತಿರುವಾಗಲೇ ಗುರುತು ಬಿದ್ದಿರುತ್ತದೆ. ಬೆರಳು ಸ್ವಲ್ಪ ತಡವಾಗಿಯೇ ಒತ್ತುತ್ತದೆ, ಅದು ಎಲ್ಲರಿಗೂ ಹಾಗೆಯೇ. ಅದಕ್ಕೆ ಆಮೇಲೆ ಅಂಚು ಸರಿ ಮಾಡಬೇಕು. ಶಿಫ್ಟ್ ಹಿಡಿದು ಎಡ, ಬಲ ಬಾಣ ಒತ್ತಿದರೆ ಆಯ್ಕೆ, ಅಂದರೆ ಗುರುತು ಮಾಡಿದ ಭಾಗ, ಆ ಕಡೆಗೆ ಹಿಗ್ಗುತ್ತದೆ. ಜೊತೆಗೆ ಕಂಟ್ರೋಲ್ ಸೇರಿಸಿದರೆ ಕುಗ್ಗುತ್ತದೆ. ಶಿಫ್ಟ್ ಮತ್ತು ಎಫ್ 5 ಒತ್ತಿದರೆ ಆಯ್ಕೆ ಶುರುವಾಗುವ ಮುಂಚಿನ ಒಂದು ಚೂರು ಕೇಳಿಸುತ್ತದೆ. ಶಿಫ್ಟ್ ಜೊತೆ ಎಫ್ 6 ಆದರೆ ಶುರುವಾದ ಮೇಲಿನ ಚೂರು. ಎಫ್ 7 ಮತ್ತು ಎಫ್ 8 ಇದೇ ಕೆಲಸವನ್ನು ಆಯ್ಕೆಯ ಕೊನೆಯಲ್ಲಿ ಮಾಡುತ್ತವೆ. ಅಂಚನ್ನು ಬೆರಳಿಂದ ಸವರಿ ನೋಡಿದ ಹಾಗೆ ಇದು.

ಇನ್ನು ನನಗೆ ತುಂಬಾ ಇಷ್ಟವಾದ ಕೀಲಿ ಸಿ. ಬರೀ ಸಿ ಒತ್ತಿದರೆ ಆಯ್ಕೆಯನ್ನು ಅಳಿಸದೆ, ಅಳಿಸಿದರೆ ಹೇಗಿರುತ್ತದೆ ಅಂತ ಕೇಳಿಸುತ್ತದೆ. ಹಿಂದಿನ ಎರಡು ಸೆಕೆಂಡ್, ಮುಂದಿನ ಒಂದು ಸೆಕೆಂಡ್, ನಡುವಿನದು ಮಾಯ. ಬೆಸುಗೆ ಗೊತ್ತಾಗದಿದ್ದರೆ ಡಿಲೀಟ್ ಒತ್ತಿ. ಗೊತ್ತಾದರೆ ಬಾಣದ ಕೀಲಿಗೆ ವಾಪಸ್. ಚಿತ್ರ ನೋಡುವವರಿಗಿಂತ ಇದು ನಿಧಾನ ಅಂತ ನನಗೆ ಅನ್ನಿಸಿಲ್ಲ.

ಬಾಣದ ಕೀಲಿಯ ವಿಷಯದಲ್ಲಿ ಹೊಸಬರು ಎಡವುವ ಒಂದು ಜಾಗ ಇದೆ. ಒಂದು ಸಲ ಒತ್ತಿದರೆ ಕರ್ಸರ್ ಎಷ್ಟು ದೂರ ಹೋಗುತ್ತದೆ ಅನ್ನುವುದು ಜೂಮ್ ಮೇಲೆ ನಿಂತಿದೆ, ಯಾಕೆಂದರೆ ಅದು ಪರದೆಯ ಒಂದೊಂದು ಚುಕ್ಕಿ ಸರಿಯುತ್ತದೆ. ಒಂದು ಗಂಟೆಯ ರೆಕಾರ್ಡಿಂಗ್ ಪೂರ್ತಿ ಪರದೆಯೊಳಗೆ ಕೂತಿದ್ದರೆ ಒಂದು ಚುಕ್ಕಿ ಅಂದರೆ ಎರಡು ಮೂರು ಸೆಕೆಂಡ್. ಆಗ ಅಂಚು ಸರಿ ಮಾಡಲು ಹೋದರೆ ಒಂದು ವಾಕ್ಯವೇ ಹಾರಿಹೋಗುತ್ತದೆ. ಜೂಮ್ ಅಂದರೆ ಕಣ್ಣಿಗೆ ಸಂಬಂಧಿಸಿದ್ದು, ನಮಗ್ಯಾಕೆ ಅಂತ ಬಿಟ್ಟುಬಿಡುವವರೇ ಜಾಸ್ತಿ. ಹಾಗೆ ಬಿಡಬೇಡಿ. ಕಂಟ್ರೋಲ್ 1 ಒತ್ತಿದರೆ ಹತ್ತಿರ ಬರುತ್ತದೆ, ಕಂಟ್ರೋಲ್ 3 ಒತ್ತಿದರೆ ದೂರ ಹೋಗುತ್ತದೆ, ಕಂಟ್ರೋಲ್ 2 ಮಾಮೂಲಿಗೆ ತರುತ್ತದೆ. ಹತ್ತಿರ ಬಂದಷ್ಟೂ ನಿಮ್ಮ ಹೆಜ್ಜೆ ಚಿಕ್ಕದಾಗುತ್ತದೆ.

ಕತ್ತರಿಸಲು ಒಳ್ಳೆಯ ಜಾಗ ಯಾವುದು? ನಮ್ಮ ಕ, ತ, ಪ, ಟ ಅಕ್ಷರಗಳಿಗೆ ಮುಂಚೆ ಸಹಜವಾಗಿಯೇ ಒಂದು ಚಿಕ್ಕ ಮೌನ ಇರುತ್ತದೆ. ಅಲ್ಲಿ ಕತ್ತರಿ ಆಡಿಸಿದರೆ ಯಾರಿಗೂ ತಿಳಿಯುವುದಿಲ್ಲ. ಮ, ನ, ಲ ಅಕ್ಷರಗಳಲ್ಲಿ ಸದ್ದು ಹರಿಯುತ್ತಲೇ ಇರುತ್ತದೆ. ಸ್ವರಗಳ ನಡುವಂತೂ ಕೈ ಹಾಕಲೇಬಾರದು. ನನ್ನ ಉದಾಹರಣೆಯಲ್ಲಿ "ಅವತ್ತು" ಸ್ವರದಿಂದ ಶುರುವಾಗುತ್ತದೆ, ಆದರೆ ಓದಿದವರು ತಡವರಿಸಿ ಉಸಿರು ತೆಗೆದುಕೊಂಡಿದ್ದಾರೆ. ಆ ಉಸಿರಿಗೆ ಸ್ವಲ್ಪ ಮುಂಚೆ ಕತ್ತರಿಸುತ್ತೇನೆ. ಉಸಿರು ಪೂರ್ತಿ ಇರಬೇಕು, ಅಥವಾ ಪೂರ್ತಿ ಹೋಗಬೇಕು. ಅರ್ಧ ಉಸಿರು ಕೇಳಿದರೆ ಯಾರೋ ಬಾಯಿ ಮುಚ್ಚಿದ ಹಾಗೆ ಇರುತ್ತದೆ. ಎಲ್ಲ ಉಸಿರನ್ನೂ ಅಳಿಸುವ ಚಾಳಿಯೂ ಬೇಡ. ಉಸಿರೇ ಇಲ್ಲದ ಓದನ್ನು ಕೇಳುತ್ತಾ ಹೋದರೆ ಕೇಳುವವರಿಗೆ ಉಸಿರು ಕಟ್ಟುತ್ತದೆ.

ರೀಪರ್‌ಗೆ ಬರೋಣ. ಇದೂ ಎಡಿಟಿಂಗ್ ಸಾಫ್ಟ್‌ವೇರ್. ಹಾಡು ಕೇಳಲು ವಿನ್ಯಾಂಪ್ ಅನ್ನುವ ಸಾಫ್ಟ್‌ವೇರ್ ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಮಾಡಿದ್ದು. ಮೊದಲ ಪೂರ್ಣ ಆವೃತ್ತಿ ಬಂದದ್ದು 2006ರಲ್ಲಿ, ಎನ್‌ವಿಡಿಎ ಹುಟ್ಟಿದ ವರ್ಷವೇ. 60 ದಿನ ಬಳಸಿ ನೋಡಬಹುದು, ಆಮೇಲೆ ಲೈಸೆನ್ಸ್ ಕೊಳ್ಳಬೇಕು. ಬರೀ ರೀಪರ್ ಹಾಕಿಕೊಂಡರೆ ಸ್ಕ್ರೀನ್ ರೀಡರ್‌ಗೆ ಅಷ್ಟಾಗಿ ಏನೂ ತಿಳಿಯುವುದಿಲ್ಲ. ಜೊತೆಗೆ ಒಸಾರಾ ಬೇಕು. ಅದೊಂದು ಉಚಿತ ವಿಸ್ತರಣೆ, ಶುರು ಮಾಡಿದವರು ಅದೇ ಜೇಮ್ಸ್ ಟೆಹ್. ವಿಂಡೋಸ್‌ಗೂ ಮ್ಯಾಕ್‌ಗೂ ಇದೆ. ಅದನ್ನು ಹಾಕಿದ ಮೇಲೆ ರೀಪರ್ ಬಾಯಿ ಬಿಡುತ್ತದೆ. ಮೇಲೆ ಕೆಳಗೆ ಬಾಣ ಒತ್ತಿದರೆ ಟ್ರ್ಯಾಕ್ ಹೆಸರು, ಅದು ಮ್ಯೂಟ್ ಆಗಿದೆಯೇ, ರೆಕಾರ್ಡ್‌ಗೆ ಸಿದ್ಧವಿದೆಯೇ ಅಂತ ಹೇಳುತ್ತದೆ. ಕರ್ಸರ್ ಸರಿಸಿದರೆ ಎಲ್ಲಿಗೆ ಬಂದಿರಿ ಅಂತ ಹೇಳುತ್ತದೆ. ಎಫ್ 12 ಒತ್ತಿದರೆ ಶಾರ್ಟ್‌ಕಟ್ ಸಹಾಯ ಶುರು. ಆಮೇಲೆ ಯಾವ ಕೀಲಿ ಒತ್ತಿದರೂ ಕೆಲಸ ಮಾಡದೆ, ಅದು ಏನು ಮಾಡುತ್ತದೆ ಅಂತ ಮಾತ್ರ ಹೇಳುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಬೇಕಿಲ್ಲ.

ರೀಪರ್‌ನಲ್ಲಿ ಕತ್ತರಿಸಿದರೆ ಮೂಲ ರೆಕಾರ್ಡಿಂಗ್‌ಗೆ ಏನೂ ಆಗುವುದಿಲ್ಲ. ಯಾವ ಭಾಗ ಕೇಳಿಸಬೇಕು, ಯಾವುದು ಬೇಡ ಅನ್ನುವುದಷ್ಟೇ ನೆನಪಿರುತ್ತದೆ. ನಾಲ್ಕು ದಿನದ ನಂತರ ಕತ್ತೆಯ ಒತ್ತು ಹೋಗಿದೆ ಅಂತ ಗೊತ್ತಾದರೂ ಅಂಚನ್ನು ಎಳೆದು ವಾಪಸ್ ತರಬಹುದು. ಒಂದೇ ಧ್ವನಿಯ ಚಿಕ್ಕ ಕೆಲಸಕ್ಕೆ ಆಡಾಸಿಟಿ ಸಾಕು. ನಾಲ್ಕು ಜನರ ಮಾತು, ಹಿನ್ನೆಲೆ ಸಂಗೀತ, ಸದ್ದು ಎಲ್ಲ ಸೇರಿದರೆ ನನ್ನ ಓಟು ರೀಪರ್‌ಗೆ. ಮ್ಯಾಕ್ ಇದ್ದವರು ಲಾಜಿಕ್ ಪ್ರೊ, ಐಫೋನ್ ಇದ್ದವರು ಫೆರೈಟ್ ನೋಡಬಹುದು. ಎರಡೂ ವಾಯ್ಸ್‌ಓವರ್ ಜೊತೆ ನಡೆಯುತ್ತವೆ.

ನಮ್ಮ ಕೆಲಸದಲ್ಲಿ ನಿಜವಾದ ಕಷ್ಟ ಬೇರೆ ಕಡೆ ಇದೆ. ನಮಗೆ ದಾರಿ ಹೇಳುವುದೂ ಧ್ವನಿ, ನಾವು ಕೆಲಸ ಮಾಡುವುದೂ ಧ್ವನಿಯ ಮೇಲೆ. ಎರಡೂ ಒಂದೇ ಕಿವಿಗೆ ಬರುತ್ತವೆ. ಕಣ್ಣು ಕಾಣುವವರಿಗೆ ಈ ತೊಂದರೆ ಊಹೆಗೂ ಬರುವುದಿಲ್ಲ. ಬಣ್ಣ ಹಚ್ಚುವಾಗ ಪ್ರತಿ ಸಲವೂ ಕಣ್ಣ ಮುಂದೆ ಯಾರೋ ಸೂಚನೆಯ ಚೀಟಿ ಹಿಡಿದರೆ ಹೇಗಿರುತ್ತದೆ, ಹಾಗೆ.

ಶುರುವಿನ ದಿನಗಳಲ್ಲಿ ಒಬ್ಬ ಹಿರಿಯರ ಸಂದರ್ಶನ ಮಾಡಿದ್ದೆ. ಅವರು ತಮ್ಮ ತಾಯಿಯ ಕೊನೆಯ ದಿನಗಳ ಬಗ್ಗೆ ಹೇಳುತ್ತಾ ಮಾತು ನಿಲ್ಲಿಸಿದರು. ಆ ಮೌನದಲ್ಲಿ ನನ್ನ ಲ್ಯಾಪ್‌ಟಾಪ್‌ನ ಸ್ಪೀಕರ್‌ನಿಂದ ಸ್ಕ್ರೀನ್ ರೀಡರ್ "ಬ್ಯಾಟರಿ ಕಡಿಮೆ ಇದೆ" ಅಂತ ಹೇಳಿತು. ಆ ಧ್ವನಿ ನನಗೆ ಎಷ್ಟು ರೂಢಿಯಾಗಿತ್ತು ಅಂದರೆ, ಅದು ರೆಕಾರ್ಡ್ ಆಗುತ್ತಿದೆ ಅಂತ ಹೊಳೆಯಲೇ ಇಲ್ಲ. ರಾತ್ರಿ ಕೂತು ಕೇಳುವಾಗ ಗೊತ್ತಾಯಿತು. ಆ ಮಾತನ್ನು ಇನ್ನೊಮ್ಮೆ ಹೇಳಿ ಅಂತ ಅವರನ್ನು ಕೇಳಲು ಮನಸ್ಸು ಬರಲಿಲ್ಲ. ಆ ಭಾಗವನ್ನು ಪೂರ್ತಿ ಬಿಟ್ಟೆ. ಇವತ್ತಿಗೂ ಅದು ನನಗೆ ನೋವಿನ ವಿಷಯ.

ಅವತ್ತಿನಿಂದ ಎರಡು ಧ್ವನಿಗೂ ಬೇರೆ ಬೇರೆ ದಾರಿ ಮಾಡಿದೆ. ಮೈಕ್ ಮತ್ತು ಎಡಿಟಿಂಗ್ ಸಾಫ್ಟ್‌ವೇರ್ ಎರಡೂ ಆಡಿಯೊ ಇಂಟರ್‌ಫೇಸ್, ಅಂದರೆ ಧ್ವನಿಗೇ ಅಂತ ಹೊರಗಿನಿಂದ ಜೋಡಿಸುವ ಪೆಟ್ಟಿಗೆಯ ಮೂಲಕ ಹೋಗುತ್ತವೆ. ಸ್ಕ್ರೀನ್ ರೀಡರ್ ಧ್ವನಿ ಕಂಪ್ಯೂಟರಿನದೇ ಸೌಂಡ್ ಕಾರ್ಡ್‌ನಿಂದ ಬರುತ್ತದೆ. ಯಾವ ಸಾಧನದಿಂದ ಮಾತಾಡಬೇಕು ಅಂತ ಎನ್‌ವಿಡಿಎ ಸೆಟ್ಟಿಂಗ್‌ನಲ್ಲೇ ಆರಿಸಬಹುದು. ದೊಡ್ಡ ಹೆಡ್‌ಫೋನ್‌ನಲ್ಲಿ ರೆಕಾರ್ಡಿಂಗ್, ಒಂದು ಕಿವಿಯೊಳಗೆ ಚಿಕ್ಕ ಇಯರ್‌ಫೋನ್‌ನಲ್ಲಿ ಸ್ಕ್ರೀನ್ ರೀಡರ್. ಇಂಟರ್‌ಫೇಸ್ ಇಲ್ಲದವರಿಗೂ ಉಪಾಯ ಇದೆ. ಎನ್‌ವಿಡಿಎ 2024.2ರಲ್ಲಿ ಸೌಂಡ್ ಸ್ಪ್ಲಿಟ್ ಬಂದಿದೆ. ಎನ್‌ವಿಡಿಎ ಕೀಲಿ (ಸಾಮಾನ್ಯವಾಗಿ ಇನ್ಸರ್ಟ್), ಆಲ್ಟ್, ಎಸ್ ಒಟ್ಟಿಗೆ ಒತ್ತಿದರೆ ಸ್ಕ್ರೀನ್ ರೀಡರ್ ಎಡ ಕಿವಿಗೆ, ಉಳಿದ ಸದ್ದು ಬಲ ಕಿವಿಗೆ ಹೋಗುತ್ತದೆ. ಮಾತು ಕತ್ತರಿಸಲು ಅಷ್ಟು ಸಾಕು. ಸ್ಟೀರಿಯೊ ಮಿಕ್ಸ್ ಮಾಡುವಾಗ ಮಾತ್ರ ಇದು ಬೇಡ, ಎರಡೂ ಕಿವಿ ಬೇಕಾಗುತ್ತವೆ. ರೆಕಾರ್ಡ್ ಮಾಡುವಾಗ ನಾನು ಆನ್ ಡಿಮ್ಯಾಂಡ್ ಮಾತಿನ ವಿಧಾನಕ್ಕೆ ಹೋಗುತ್ತೇನೆ. ಆಗ ಎನ್‌ವಿಡಿಎ ತಾನಾಗಿ ಮಾತಾಡುವುದಿಲ್ಲ. ನಾನು ಕೇಳಿದಾಗ ಮಾತ್ರ ಹೇಳುತ್ತದೆ. ಆ ಹಿರಿಯರ ಜೊತೆ ಕೂತಾಗ ಇದು ಇದ್ದಿದ್ದರೆ ಅಂತ ಎಷ್ಟೋ ಸಲ ಅನ್ನಿಸಿದೆ.

ಪುಸ್ತಕ ಓದಿ ರೆಕಾರ್ಡ್ ಮಾಡುವುದು ಹೇಗೆ ಅಂತಲೂ ಕೇಳುತ್ತಾರೆ. ಬ್ರೈಲ್ ಚೆನ್ನಾಗಿ ಬರುವವರು ಬ್ರೈಲ್ ಸಾಧನದ ಮೇಲೆ ಬೆರಳಾಡಿಸುತ್ತಾ ಓದುತ್ತಾರೆ. ನನ್ನ ಬ್ರೈಲ್ ಅಷ್ಟು ವೇಗವಿಲ್ಲ. ನಾನು ಕಿವಿಯಲ್ಲಿ ಒಂದು ವಾಕ್ಯ ಕೇಳಿಸಿಕೊಂಡು, ನಿಲ್ಲಿಸಿ, ಅದನ್ನು ನನ್ನ ಧಾಟಿಯಲ್ಲಿ ಹೇಳುತ್ತೇನೆ. ಸ್ಕ್ರೀನ್ ರೀಡರ್‌ನ ಧಾಟಿ ನಾಲಿಗೆಗೆ ಅಂಟಿಕೊಳ್ಳದ ಹಾಗೆ ನೋಡಿಕೊಳ್ಳಬೇಕು, ಅದಕ್ಕೆ ಅಭ್ಯಾಸ ಬೇಕು. ಹೀಗೆ ಮಾಡಿದಾಗ ವಾಕ್ಯಗಳ ನಡುವೆ ಉದ್ದದ ಖಾಲಿ ಜಾಗ ಉಳಿಯುತ್ತದೆ. ಆಡಾಸಿಟಿಯ ಟ್ರಂಕೇಟ್ ಸೈಲೆನ್ಸ್ ಅದನ್ನು ಒಂದೇ ಏಟಿಗೆ ಚಿಕ್ಕದು ಮಾಡುತ್ತದೆ. ಆದರೆ ಎಲ್ಲ ವಿರಾಮವೂ ಒಂದೇ ಅಳತೆಗೆ ಬಂದುಬಿಡುತ್ತದೆ. ಸುದ್ದಿಗೆ ನಡೆಯುತ್ತದೆ. ಕತೆಗೆ, ಕವಿತೆಗೆ ನಾನು ಒಂದೊಂದೇ ವಿರಾಮವನ್ನು ಕೈಯಿಂದಲೇ ಸರಿ ಮಾಡುತ್ತೇನೆ.

ಸದ್ದಿನ ಮಟ್ಟ ತಿಳಿಯುವುದು ಹೇಗೆ? ಮೀಟರ್‌ನ ಹಸಿರು, ಕೆಂಪು ಪಟ್ಟಿ ನಮಗೆ ಉಪಯೋಗವಿಲ್ಲ. ರೀಪರ್‌ನಲ್ಲಿ ಒಸಾರಾದ ಪೀಕ್ ವಾಚರ್ ಇದೆ. ರೆಕಾರ್ಡಿಂಗ್‌ನಲ್ಲಿ ಸದ್ದಿನ ಮಿತಿ ಸೊನ್ನೆ ಡೆಸಿಬೆಲ್. ಅದಕ್ಕಿಂತ ಕೆಳಗೆ, ಮೈನಸ್ 6 ಡೆಸಿಬೆಲ್ ದಾಟಿದರೆ ಹೇಳು ಅಂತ ಹೇಳಿಟ್ಟರೆ ದಾಟಿದಾಗ ಹೇಳುತ್ತದೆ. ಆಡಾಸಿಟಿಯಲ್ಲಿ ಒಂದು ಹಳೆಯ ಉಪಾಯ ಇದೆ. ರೆಕಾರ್ಡ್ ಆದ ಮೇಲೆ ಎಲ್ಲವನ್ನೂ ಆರಿಸಿ ಆಂಪ್ಲಿಫೈ ತೆರೆಯಿರಿ. ಸೊನ್ನೆ ಡೆಸಿಬೆಲ್ ಮುಟ್ಟಲು ಇನ್ನೆಷ್ಟು ಏರಿಸಬಹುದು ಅನ್ನುವ ಅಂಕಿ ಅಲ್ಲಿ ಮೊದಲೇ ತುಂಬಿರುತ್ತದೆ. 8 ಅಂತ ಇದ್ದರೆ ನಿಮ್ಮ ಅತಿ ಜೋರು ಸದ್ದು ಮೈನಸ್ 8ರಲ್ಲಿದೆ ಅಂತ ಅರ್ಥ. ಎಸ್ಕೇಪ್ ಒತ್ತಿ ಹೊರಗೆ ಬನ್ನಿ. 0 ಅಂತ ಬಂದರೆ ಮಾತ್ರ ಚಿಂತೆ. ಸದ್ದು ಸೊನ್ನೆಗೆ ಬಡಿದು ಒಡೆದಿರಬಹುದು. ಒಡೆದ ಧ್ವನಿಯನ್ನು ಮೊದಲಿನ ಹಾಗೆ ಮಾಡುವುದು ಆಗದ ಮಾತು.

ಸಿದ್ಧವಾದ ಧ್ವನಿ ಒಟ್ಟಾರೆ ಎಷ್ಟು ಜೋರಾಗಿದೆ ಅಂತ ಅಳೆಯುವುದಕ್ಕೂ ಅಂಕಿಯೇ ಸಾಕು. ಆ ಅಳತೆಯ ಹೆಸರು ಎಲ್‌ಯುಎಫ್‌ಎಸ್. ಪಾಡ್‌ಕಾಸ್ಟ್‌ಗೆ ಸಾಮಾನ್ಯವಾಗಿ ಮೈನಸ್ 16 ಎಲ್‌ಯುಎಫ್‌ಎಸ್ ಇಡುತ್ತಾರೆ. ಯುರೋಪಿನ ಪ್ರಸಾರದ ಮಾನದಂಡ ಮೈನಸ್ 23. ಲೌಡ್‌ನೆಸ್ ನಾರ್ಮಲೈಸೇಶನ್‌ನಲ್ಲಿ ಆ ಅಂಕಿ ಬರೆದು ಎಂಟರ್ ಒತ್ತಿದರೆ ಆಯಿತು. ಅಂಕಿ ಬರೆಯುವ ಪೆಟ್ಟಿಗೆ ಇದ್ದಲ್ಲೆಲ್ಲ ನಮ್ಮ ದಾರಿ ಸಲೀಸು.

ಕೋಣೆಯ ಮೌನದ ಬಗ್ಗೆ ಒಂದು ಮಾತು. ಯಾರೂ ಮಾತಾಡದಿದ್ದರೂ ಕೋಣೆಗೆ ತನ್ನದೇ ಆದ ಸಣ್ಣ ಸದ್ದು ಇರುತ್ತದೆ. ರೆಕಾರ್ಡ್ ಶುರುವಾದ ಮೇಲೆ ಹತ್ತು ಸೆಕೆಂಡ್ ಸುಮ್ಮನೆ ಕೂರಿ. ಆ ಹತ್ತು ಸೆಕೆಂಡ್ ಮುಂದೆ ಎರಡು ಕೆಲಸಕ್ಕೆ ಬರುತ್ತದೆ. ಹಿನ್ನೆಲೆಯ ಸದ್ದು ತಗ್ಗಿಸುವ ನಾಯ್ಸ್ ರಿಡಕ್ಷನ್‌ಗೆ ಮಾದರಿ ಕೊಡಲು ಅದೇ ಬೇಕು. ಕತ್ತರಿಸಿದ ಜಾಗದಲ್ಲಿ ವಿರಾಮ ತುಂಬಲೂ ಅದೇ ಬೇಕು. ಅಲ್ಲಿ ಪೂರ್ತಿ ಶೂನ್ಯ ತುಂಬಿದರೆ ಹೆಡ್‌ಫೋನ್ ಹಾಕಿದವರಿಗೆ ಕರೆಂಟ್ ಹೋದ ಹಾಗೆ ಅನ್ನಿಸುತ್ತದೆ. ನಾಯ್ಸ್ ರಿಡಕ್ಷನ್ ಕೂಡ ಹಿತಮಿತವಾಗಿ. ಜಾಸ್ತಿಯಾದರೆ ಮಾತು ನೀರಿನೊಳಗಿಂದ ಬಂದ ಹಾಗಿರುತ್ತದೆ.

ಎಫೆಕ್ಟ್ ಪ್ಲಗಿನ್‌ಗಳ ವಿಷಯಕ್ಕೆ, ಅಂದರೆ ಧ್ವನಿಯನ್ನು ಬದಲಿಸಲು ಜೋಡಿಸುವ ಚಿಕ್ಕ ಸಾಫ್ಟ್‌ವೇರ್‌ಗಳ ವಿಷಯಕ್ಕೆ ಬಂದರೆ ನನಗೆ ಬೇಜಾರು ಇದೆ. ಬಹಳಷ್ಟು ಪ್ಲಗಿನ್‌ಗಳು ತಮ್ಮ ತಿರುಗಿಸುವ ಗುಂಡಿಗಳನ್ನು ಬರೀ ಚಿತ್ರವಾಗಿ ಬರೆದಿರುತ್ತವೆ. ಸ್ಕ್ರೀನ್ ರೀಡರ್‌ಗೆ ಅಲ್ಲಿ ಖಾಲಿ ಕಿಟಕಿ. ರೀಪರ್ ಮತ್ತು ಒಸಾರಾ ಇದ್ದರೆ ಎಫೆಕ್ಟ್‌ನ ಅಂಶಗಳನ್ನು ಪಟ್ಟಿ ಮಾಡಿ ಓದಿಸಬಹುದು, ಬದಲಿಸಲೂಬಹುದು. ಆದರೆ ಆ ಅಂಶಗಳಿಗೆ ಮಾಡಿದವರು ಹೆಸರು ಇಟ್ಟಿರಬೇಕು. ನಾನು ವರ್ಷಗಟ್ಟಲೆ ಬಳಸಿದ ಒಂದು ಎಫೆಕ್ಟ್ ಹೊಸ ಆವೃತ್ತಿಗೆ ಬಂದಾಗ ಹೆಸರುಗಳೆಲ್ಲ ಹೋಗಿ "ಪ್ಯಾರಾಮೀಟರ್ 1, ಪ್ಯಾರಾಮೀಟರ್ 2" ಅಂತ ಆಯಿತು. ಹಳೆಯ ಪ್ರಾಜೆಕ್ಟ್‌ಗಳನ್ನು ತೆರೆದು ಒಂದೊಂದೂ ಏನು ಅಂತ ಕೇಳಿ ಕೇಳಿ ಕಂಡುಹಿಡಿಯಬೇಕಾಯಿತು. ಮಾಡಿದವರಿಗೆ ಬರೆದೆ. ಯಾವ ಆವೃತ್ತಿ, ಯಾವ ಸ್ಕ್ರೀನ್ ರೀಡರ್, ಯಾವ ಗುಂಡಿ, ಏನು ಓದಬೇಕಿತ್ತು, ಏನು ಓದಿತು, ಎಲ್ಲ ಬಿಡಿಸಿ ಬರೆದೆ. ಮೂರು ಆವೃತ್ತಿ ಕಳೆದ ಮೇಲೆ ಹೆಸರುಗಳು ವಾಪಸ್ ಬಂದವು. ಇಲ್ಲಿ ಸಾಫ್ಟ್‌ವೇರ್ ಬರೆಯುವವರು ಕೂತಿದ್ದರೆ ನನ್ನ ಕೋರಿಕೆ ಒಂದೇ. ಗುಂಡಿಗೆ ಹೆಸರು ಇಡಿ, ಮೌಸ್ ಇಲ್ಲದೆ ಅಲ್ಲಿಗೆ ಬರಲು ದಾರಿ ಇಡಿ. ಉಳಿದದ್ದನ್ನು ನಾವು ನೋಡಿಕೊಳ್ಳುತ್ತೇವೆ.

(ಸಭಿಕರಿಂದ ಬಂದ ಒಂದು ಪ್ರಶ್ನೆ: ಕಣ್ಣು ಕಾಣುವವರ ಜೊತೆ ಒಂದೇ ಪ್ರಾಜೆಕ್ಟ್‌ನಲ್ಲಿ ಕೆಲಸ ಮಾಡುವುದು ಕಷ್ಟವೇ?)

ಮಾತಾಡಿಕೊಂಡರೆ ಕಷ್ಟ ಇಲ್ಲ. "ಆ ದಪ್ಪ ಅಲೆ ಇದೆಯಲ್ಲ, ಅದರ ಪಕ್ಕ" ಅಂದರೆ ನನಗೆ ತಿಳಿಯುವುದಿಲ್ಲ. "3 ನಿಮಿಷ 12 ಸೆಕೆಂಡ್, ಮಳೆ ಅನ್ನುವ ಪದದ ನಂತರ" ಅಂದರೆ ಇಬ್ಬರಿಗೂ ತಿಳಿಯುತ್ತದೆ. ಟ್ರ್ಯಾಕ್‌ಗಳಿಗೆ ಬಣ್ಣ ಹಚ್ಚುವ ಬದಲು ಹೆಸರು ಬರೆಯಿರಿ ಅಂತ ಕೇಳಿಕೊಳ್ಳುತ್ತೇನೆ. ಅನುಮಾನ ಇದ್ದಲ್ಲಿ ಮಾರ್ಕರ್ ಹಾಕಿ ಅದರಲ್ಲೇ ಟಿಪ್ಪಣಿ ಬರೆಯುತ್ತೇವೆ. ಅದನ್ನು ಅವರು ನೋಡುತ್ತಾರೆ, ನಾನು ಕೇಳುತ್ತೇನೆ.

(ಇನ್ನೊಂದು ಪ್ರಶ್ನೆ: ನನಗೂ ಕಣ್ಣು ಕಾಣಿಸುವುದಿಲ್ಲ. ನಾಳೆ ಶುರು ಮಾಡಬೇಕು ಅಂದರೆ ಎಲ್ಲಿಂದ ಶುರು ಮಾಡಲಿ?)

ಮೈಕ್ ಕೊಳ್ಳಲು ಓಡಬೇಡಿ. ಇರುವ ಹೆಡ್‌ಸೆಟ್ ಸಾಕು. ಆಡಾಸಿಟಿ ಹಾಕಿಕೊಂಡು ಆರ್ ಒತ್ತಿ. ಹತ್ತು ಸೆಕೆಂಡ್ ಸುಮ್ಮನೆ ಕೂತು, ಆಮೇಲೆ ಒಂದು ನಿಮಿಷ ಏನಾದರೂ ಮಾತಾಡಿ. "ಅಕ್ಕ", "ಕತ್ತೆ", "ಬಟ್ಟಲು" ಇಂಥ ಒತ್ತಕ್ಷರದ ಪದಗಳು ಮಾತಿನಲ್ಲಿ ಬರಲಿ. ಸ್ಪೇಸ್ ಒತ್ತಿ ನಿಲ್ಲಿಸಿ. ಒಂದು ಉಸಿರು ಹುಡುಕಿ ತೆಗೆಯಿರಿ. ಡಿಲೀಟ್ ಒತ್ತುವ ಮುಂಚೆ ಸಿ ಒತ್ತಿ ಕೇಳಿ. ಅದು ಬಂದ ಮೇಲೆ ಜೂಮ್ ಹತ್ತಿರ ಮಾಡಿಕೊಂಡು ಕತ್ತೆಯನ್ನು ಕತೆ ಮಾಡಿ ನೋಡಿ. ಆಮೇಲೆ ಕಂಟ್ರೋಲ್ ಝಡ್ ಒತ್ತಿದರೆ ಕತ್ತೆ ವಾಪಸ್ ಬರುತ್ತದೆ.